ಯಾತ್ರೆಗೆ ನಮ್ಮವರಷ್ಟೇ ಸಾಕೇ?



ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಡಿಸೆಂಬರ್ 3ಕ್ಕೆ. ಅದು ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಗೋವಾ ಯಾತ್ರೆಯ ಮಾತು ಶುರುವಾಗುತ್ತದೆ. ಒಂದು ಬಸ್ಸು, ಐವತ್ತು ಜನ, ಬುತ್ತಿ, ಜಪಸರ, ಹಾಡು. ಹಳೇ ಗೋವಾದಲ್ಲಿ ಎರಡು ಗಂಟೆ, ಉಳಿದ ಹೊತ್ತು ಸಮುದ್ರ ತೀರದಲ್ಲಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಕಳೆದ ಬಾರಿ ನಮ್ಮ ಯುವ ಬಳಗದ ಕೆಲವರು ಇಡೀ ಒಂದು ದಿನವನ್ನು ಹಳೇ ಗೋವಾಕ್ಕೇ ಮೀಸಲಿಟ್ಟೆವು. ಗೈಡ್ ಒಬ್ಬರ ಹಿಂದೆ, ಬೇರೆ ಬೇರೆ ಊರು, ದೇಶ, ಧರ್ಮದವರಿದ್ದ ಗುಂಪಿನಲ್ಲಿ ನಡೆದೆವು. ಯಾತ್ರೆಗೆ ನಮ್ಮವರ ಜೊತೆಯಷ್ಟೇ ಹೋದರೆ ಅರ್ಧವನ್ನು ಮಾತ್ರ ನೋಡಿ ಬಂದಂತೆ ಎಂಬುದು ಈಗ ನಮ್ಮ ಅಭಿಪ್ರಾಯ.

ಬಾಂ ಜೀಸಸ್ ಮಹಾದೇವಾಲಯವನ್ನೇ ನೋಡಿ. 1594ರಲ್ಲಿ ಕಟ್ಟಲು ಆರಂಭಿಸಿ 1605ರಲ್ಲಿ ಪ್ರತಿಷ್ಠೆಯಾದ ಕೆಂಪುಕಲ್ಲಿನ ಕಟ್ಟಡವಿದು. ಸಂತರ ಶರೀರವಿರುವ ಬೆಳ್ಳಿಯ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ಅರಸ ಕೊಟ್ಟ ಕಾಣಿಕೆ. ಸಂತರು ಹುಟ್ಟಿದ್ದು ಸ್ಪೇನಿನ ನವಾರದಲ್ಲಿ, 1552ರಲ್ಲಿ ತೀರಿಕೊಂಡದ್ದು ಚೀನಾ ಕರಾವಳಿಯ ದ್ವೀಪವೊಂದರಲ್ಲಿ. ನಾವು ಮೊಣಕಾಲೂರುವ ಆ ಜಾಗವೇ ಇಷ್ಟು ದೇಶಗಳ ಕೈಸೇರಿ ಆದದ್ದು.

ಸಂತ ಅಗಸ್ಟೀನರ ದೇವಾಲಯದ ಪಾಳುಗೋಪುರದ ಕತೆ ಇನ್ನೂ ದೊಡ್ಡದು. ಜಾರ್ಜಿಯಾ ದೇಶದ ರಾಣಿ ಕೇತೆವಾನ್ ತನ್ನ ವಿಶ್ವಾಸವನ್ನು ಬಿಡದೆ 1624ರಲ್ಲಿ ಪರ್ಷಿಯಾದಲ್ಲಿ ರಕ್ತಸಾಕ್ಷಿಯಾದಳು. ಆಕೆ ಆರ್ಥಡಾಕ್ಸ್ ಸಭೆಯವಳು. ಆಕೆಯ ಅವಶೇಷಗಳನ್ನು ಗೋವಾಕ್ಕೆ ತಂದವರು ಕಥೋಲಿಕ ಸನ್ಯಾಸಿಗಳು. ಮಣ್ಣಿನಡಿಯಿಂದ ಅವನ್ನು ಹುಡುಕಿ ತೆಗೆದವರು ನಮ್ಮ ದೇಶದ ಪುರಾತತ್ವ ಇಲಾಖೆಯವರು, ಡಿಎನ್‌ಎ ಪರೀಕ್ಷೆ ಮಾಡಿದವರು ಹೈದರಾಬಾದಿನ ವಿಜ್ಞಾನಿಗಳು. 2021ರಲ್ಲಿ ಭಾರತ ಸರ್ಕಾರ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಒಬ್ಬ ಸಂತಳ ನೆನಪನ್ನು ಉಳಿಸಿಕೊಟ್ಟವರಲ್ಲಿ ಎಷ್ಟೊಂದು ಮಂದಿ ಆಕೆಯ ನಾಡಿಗೂ ಸಭೆಗೂ ಹೊರಗಿನವರು!

ಆದರೆ ನಮಗೆ ನಿಜವಾದ ಪರೀಕ್ಷೆ ಎದುರಾದದ್ದು ಸಂತ ಕ್ಯಾಥರೀನರ ಪ್ರಧಾನಾಲಯದ ಮುಂದೆ. ಗುಂಪಿನಲ್ಲಿದ್ದ ಹಿಂದೂ ಶಿಕ್ಷಕರೊಬ್ಬರು, ನಮ್ಮ ಉತ್ತರ ಕರ್ನಾಟಕದವರೇ, ಮೆಲ್ಲಗೆ ಕೇಳಿದರು: "ಇಲ್ಲಿ ಇನ್‌ಕ್ವಿಸಿಷನ್ ನಡೆದಿತ್ತಲ್ಲ, ಅದರ ಬಗ್ಗೆ ನೀವು ಹುಡುಗರು ಏನಂತೀರಿ?"

ನಮ್ಮದೇ ಬಸ್ಸಿನಲ್ಲಿ ಹೋಗಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. 1560ರಲ್ಲಿ ಶುರುವಾದ ಆ ನ್ಯಾಯಮಂಡಳಿ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೂ ಇತ್ತು. "ಅದು ಪೋರ್ಚುಗೀಸರ ಕೆಲಸ, ನಮಗೇನು ಸಂಬಂಧ" ಎಂದು ಜಾರಿಕೊಳ್ಳಬಹುದು. ಹಾಗೆ ಹೇಳುವುದು ಸರಿಯಲ್ಲ. ಅಲ್ಲಿ ನೊಂದವರಲ್ಲಿ ಹೊಸದಾಗಿ ಕ್ರೈಸ್ತರಾದ ಸ್ಥಳೀಯರೂ ಅನೇಕರಿದ್ದರು. ಗೋವಾದಿಂದ ದಕ್ಷಿಣಕ್ಕೆ ವಲಸೆ ಬಂದವರ ಪೀಳಿಗೆಯೇ ಇಂದು ನಮ್ಮ ಕರಾವಳಿಯ ಎಷ್ಟೋ ಧರ್ಮಕೇಂದ್ರಗಳಲ್ಲಿದೆ. ಸಂತ ಎರಡನೇ ಜಾನ್ ಪಾಲ್ ಜಗದ್ಗುರುಗಳು 2000ದ ಮಾರ್ಚ್ 12ರಂದು, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ದೇವರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು. ಜಗದ್ಗುರುಗಳೇ ತಲೆಬಾಗಿದ ಮೇಲೆ ನಾವು ವಾದಕ್ಕೆ ನಿಲ್ಲುವುದೇಕೆ? ಇದನ್ನೇ ನಾವು ಆ ಶಿಕ್ಷಕರಿಗೆ ಹೇಳಿದೆವು. ಮುಂದೆ ಸಂಜೆಯವರೆಗೆ ಅವರು ನಮ್ಮ ಜೊತೆಯೇ ನಡೆದರು, ನಮ್ಮ ಬುತ್ತಿಯಲ್ಲೇ ಉಂಡರು.

"ಬೇರೆಯವರ ನಡುವೆ ಹೋದರೆ ಪ್ರಾರ್ಥನೆಗೆ ಬಿಡುವಿರದು, ಮಕ್ಕಳ ಮನಸ್ಸು ಚದುರುತ್ತದೆ" ಎಂದು ಕೆಲವು ತಂದೆತಾಯಿಯರು ಹೇಳುತ್ತಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಬಲಿಪೂಜೆ, ಜಪಸರ ಬೆಳಿಗ್ಗೆಯೇ ಆಗಲಿ. ಯಾತ್ರೆಯ ಮೊದಲ ಕೆಲಸ ಅದೇ. ಆದರೆ ಇನ್ನೊಬ್ಬರ ಪ್ರಶ್ನೆಗೆ ಅಲುಗಾಡುವ ವಿಶ್ವಾಸ ಬಸ್ಸಿನೊಳಗೆ ಕೂತ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಗೋವಾದ ಮಗನೇ ಆದ ಸಂತ ಜೋಸೆಫ್ ವಾಝ್ ನಮ್ಮ ಕೆನರಾದಲ್ಲಿ ಸೇವೆ ಮಾಡಿ, ಬಳಿಕ 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಕ್ಯಾಂಡಿಯ ಬೌದ್ಧ ಅರಸನ ಆಶ್ರಯದಲ್ಲಿದ್ದು, ಸಿಡುಬು ಬಂದಾಗ ಜಾತಿಮತ ನೋಡದೆ ರೋಗಿಗಳ ಆರೈಕೆ ಮಾಡಿದರು. ಅಪರಿಚಿತರ ನಡುವೆ ಅವರ ವಿಶ್ವಾಸ ಸೊರಗಲಿಲ್ಲ.

ಆದ್ದರಿಂದ ಮುಂದಿನ ಯಾತ್ರೆಯ ಯೋಜನೆ ಹಾಕುವವರಲ್ಲಿ ನಮ್ಮ ವಿನಂತಿ ಮೂರು. ಒಂದು ದಿನಕ್ಕೆ ಒಂದೇ ಊರು ಸಾಕು. ಪರವಾನಗಿ ಇರುವ ಗೈಡ್ ಜೊತೆ, ಸಾಧ್ಯವಾದರೆ ಮಿಶ್ರ ಗುಂಪಿನಲ್ಲಿ ನಡೆಯೋಣ. ಹೊರಡುವ ಮುಂಚಿನ ಭಾನುವಾರ ಗುರುಗಳ ನೆರವಿನಿಂದ ಆ ಊರಿನ ಚರಿತ್ರೆಯನ್ನು, ಸಿಹಿಯನ್ನೂ ಕಹಿಯನ್ನೂ, ಓದಿಕೊಳ್ಳೋಣ.

ಎಮ್ಮಾವುವಿನ ದಾರಿಯಲ್ಲಿ ಆ ಇಬ್ಬರು ಶಿಷ್ಯರ ಜೊತೆ ನಡೆದವರು ಯಾರೆಂದು ಅವರಿಗೆ ಮೊದಲು ತಿಳಿಯಲಿಲ್ಲ. ಆದರೂ ಮಾತಾಡಿದರು, ಸಂಜೆಯಾದಾಗ ಉಳಿದುಕೊಳ್ಳಿ ಎಂದು ಒತ್ತಾಯಿಸಿದರು. ಅಪರಿಚಿತರೆಂದು ದೂರ ಸರಿದಿದ್ದರೆ ಅವರು ಕಳೆದುಕೊಳ್ಳುತ್ತಿದ್ದುದು ಪ್ರಭುವನ್ನೇ.