ಕಲರ್ ಪೇಪರ್ ಹೃದಯ ಸಾಕು, ಕುಂಟೆತ್ತು ಮಾಡಿಸ್ರಿ

1/6
ಫೋಟೊದಲ್ಲಿರೋ ಮಣ್ಣಿನ ಎತ್ತಿನ ಒಂದು ಕಾಲು ಮೋಟ ಅದ, ನೋಡಿದ್ರಾ? ಕೆಳಗ ಬಿದ್ದು ಮುರಿದಿದ್ದಲ್ಲ, ಬೇಕಂತ್ಲೇ ಹಂಗ ಮಾಡಿದ್ದು. ಇದರ ಹೆಸರು ಕುಂಟೆತ್ತು. ಮಕ್ಕಳಿಗೆ ದಯೆ ಕಲಿಸೋಕೆ ಯೂಟ್ಯೂಬಲ್ಲಿ ಆರ್ಟ್ ಪ್ರಾಜೆಕ್ಟ್ ಹುಡುಕ್ತಿರೋ ರಾಯಚೂರಿನ ಟೀಚರ್‌ಗಳೇ, ಅಪ್ಪ-ಅಮ್ಮಂದಿರೇ, ಈ ಸಲದ ಸರಣಿ ನಿಮಗೇ. ಸ್ವಲ್ಪ ಸಿಟ್ಟಿನಿಂದ ಬರೆದೀನಿ, ಪೂರ್ತಿ ಓದ್ರಿ.

2/6
ನವೆಂಬರ್ 13 ವಿಶ್ವ ದಯಾ ದಿನ. 1998ರಿಂದ ನಡೀತಿದೆ. ಮರುದಿನವೇ ಮಕ್ಕಳ ದಿನಾಚರಣೆ. ಏನು ಮಾಡಿಸ್ತಾರೆ ಗೊತ್ತಲ್ಲ? ಕೆಂಪು ಪೇಪರ್‌ನಲ್ಲಿ ಹೃದಯ ಕತ್ತರಿಸು, ಮೇಲೆ ‘ಬಿ ಕೈಂಡ್’ ಅಂತ ಬರಿ, ಚಾರ್ಟಿಗೆ ಅಂಟಿಸು. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಮುಗೀತು. ಅರ್ಧ ಕೆಲಸ ರಾತ್ರಿ ಕೂತು ಅಮ್ಮನೇ ಮಾಡಿರ್ತಾಳೆ.

ನಾನು ಕೇಳೋದು ಇಷ್ಟೇ: ಆ ಮಗು ಯಾರಿಗೆ ಏನು ಕೊಟ್ಟಿತು? ಯಾರ ಬಾಗಿಲಿಗೆ ಹೋಯ್ತು? ಬಿಕಾಂ ಸೇರಿದ ಮೊದಲ ತಿಂಗಳಲ್ಲೇ ನಮಗೆ ಹೇಳಿಕೊಡ್ತಾರೆ, ಒಂದು ಕಡೆ ಖರ್ಚು ತೋರಿಸದೆ ಇನ್ನೊಂದು ಕಡೆ ಜಮಾ ಬರೆಯೋಕೆ ಆಗಲ್ಲ ಅಂತ. ಚಾರ್ಟಿನ ಮೇಲಿನ ದಯೆ ಬರೀ ಜಮಾ.

3/6
ಈಗ ಮಣ್ಣೆತ್ತಿನ ಕಡೆ ಬರ್ರಿ. ಜ್ಯೇಷ್ಠ ಮಾಸದಲ್ಲಿ ಕಾರಹುಣ್ಣಿಮೆ ದಿನ ನಿಜವಾದ ಎತ್ತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜೆ ಮಾಡ್ತಾರೆ. 15 ದಿನ ಬಿಟ್ಟು ಮಣ್ಣೆತ್ತಿನ ಅಮಾವಾಸ್ಯೆ, ಅದು ಮಕ್ಕಳ ಸರದಿ. ಹೊಲದ ಎರೆಮಣ್ಣೋ ಹಳ್ಳದ ಜಿಗುಟು ಮಣ್ಣೋ ತಂದು ನಾದಿ ಜೋಡೆತ್ತು ಮಾಡ್ತಾರೆ. ಮುಂದ ಒಂದು ಗ್ವಾದಲಿ, ಅಂದ್ರೆ ಮೇವಿನ ತೊಟ್ಟಿ ಇಡ್ತಾರೆ. ಎತ್ತು ಚಂದ ಅದ ಅಂದ್ರೆ ಸಾಲದು, ಅದಕ್ಕ ತಿನ್ನಾಕ ಏನದ ಅಂತ ಕೇಳಬೇಕು. ಇದು ಮೊದಲ ಪಾಠ.

ಎರಡನೇ ಪಾಠ ಮರುದಿನ. ಉತ್ತರ ಕರ್ನಾಟಕದ ಎಷ್ಟೋ ಊರಾಗ ಹುಡುಗ್ರು ಗುಂಪು ಕಟ್ಕೊಂಡು, ಈ ಕುಂಟೆತ್ತು ಹಿಡ್ಕೊಂಡು, ಹಾಡ್ತಾ ಮನೆಮನೆಗೆ ಹೋಗಿ ಅದಕ್ಕೆ ಜೋಳ ಕೇಳ್ತಾರೆ. ಓಟದಾಗ ಗೆದ್ದ ಎತ್ತಿನ ಹೆಸರಲ್ಲಿ ಯಾರೂ ಕೇಳಲ್ಲ. ಗಳೇ ಹೊಡೆಯೋಕೆ ಆಗದ, ಸಂತೆಯಲ್ಲಿ ಯಾರೂ ಕೊಳ್ಳದ ಎತ್ತಿನ ಹೆಸರಲ್ಲಿ ಕೇಳ್ತಾರೆ. ತನಗಾಗಿ ಬಾಯಿ ಬಿಡೋಕೆ ಆಗದವರ ಪರವಾಗಿ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲೋದು. ಬಂದಿದ್ದನ್ನ ಒಟ್ಟಿಗೆ ಹಂಚ್ಕೊಂಡು ತಿನ್ನೋದು. ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವ ವಿಡಿಯೊದಾಗ ಸಿಕ್ಕೀತು? ಖರ್ಚು ಸೊನ್ನೆ.

4/6
“ಅದು ಹಬ್ಬ ಅಲ್ಲೇನು, ಸ್ಕೂಲ್‌ನಾಗ ಯಾಕ?” ಅಂತೀರಿ. ಮೊಹರಂನಾಗ ಅಲಾಯಿ ಸುತ್ತ ಕುಣಿಯೋರ ಜಾತಿ-ಧರ್ಮ ನಮ್ಮ ಕಡೆ ಯಾರು ಕೇಳ್ತಾರ? ಪೂಜೆ ಮನೆಯಲ್ಲಿರಲಿ. ಮಣ್ಣು, ಎತ್ತು, ಜೋಳ ಎಲ್ಲರವು.

“ಈಗ ಎಲ್ಲಾ ಟ್ರ್ಯಾಕ್ಟರ್” ಅಂತೀರಿ. ಸರಿ. ಆದ್ರೆ ಕೆಲಸಕ್ಕೆ ಬಾರದು ಅಂತ ನಾವು ಪಕ್ಕಕ್ಕೆ ತಳ್ಳೋದು ಎತ್ತನ್ನ ಮಾತ್ರಾನಾ?

ಇನ್ನು ಕೆಲವರು ಅಚ್ಚಲ್ಲಿ ಒತ್ತಿ ಪೇಂಟ್ ಹೊಡೆದ ಎತ್ತು ತಂದು ಜಗಲಿ ಮೇಲಿಟ್ಟು ಕೈ ತೊಳ್ಕೊಳ್ತಾರೆ. ಕುಂಬಾರರು ಕೈಯಾರೆ ಮಾಡಿದ್ದು ಕೊಳ್ರಿ, ಅದು ಅವರ ಅನ್ನ. ಆದ್ರೂ ಮಗುವಿನ ಉಗುರಿಗೆ ಒಂದಿಷ್ಟು ಮಣ್ಣು ಹತ್ತಲಿ.

5/6
ಹಂಗಂತ ನಮ್ಮ ಸಂಪ್ರದಾಯ ಎಲ್ಲಾ ಬಂಗಾರ ಅಂತ ನಾನು ಹೇಳಂಗಿಲ್ಲ. ಕುಂಟೆತ್ತು ಹಿಡಿದ ಹುಡುಗ್ರು ಊರಿನ ಎಲ್ಲಾ ಓಣಿಗೂ ಹೋಗ್ತಾರಾ? ಕೇರಿಯ ಹುಡುಗ ಅದೇ ಎತ್ತು ಹಿಡಿದು ದೊಡ್ಡ ಮನೆಯ ಕಟ್ಟೆ ಮುಂದೆ ನಿಂತ್ರೆ ಜೋಳ ಕೈಗೆ ಕೊಡ್ತಾರಾ, ಮೇಲಿಂದ ಸುರೀತಾರಾ? ಮಣ್ಣಿನ ಎತ್ತಿಗೆ ಮರುಗೋ ಹುಡುಗ್ರು ಕ್ಲಾಸಲ್ಲಿ ಕಾಲು ಸರಿ ಇಲ್ಲದ ಗೆಳೆಯನ್ನ ಆಟಕ್ಕೆ ಸೇರಿಸ್ಕೊಳ್ತಾರಾ?

ಇನ್ನೊಂದು ಮಾತು. ನೀವು ಹೃದಯ ಕತ್ತರಿಸೋ ಅದೇ ನವೆಂಬರ್‌ನಲ್ಲಿ ದೇವದುರ್ಗ, ಮಾನ್ವಿ ಕಡೆ ಹತ್ತಿ ಬಿಡಿಸೋ ಕೆಲಸ ಜೋರು. ದೊಡ್ಡೋರ ಜೊತೆ ಮಕ್ಕಳೂ ಗೂಡ್ಸ್ ಗಾಡಿ ಹತ್ತಿರ್ತಾರೆ. ಇನ್ನು ಕೆಲವರ ಅಪ್ಪ-ಅಮ್ಮ ಬೆಂಗಳೂರಿಗೆ ಗುಳೆ ಹೋಗಿರ್ತಾರೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಅಂತ ಕಾನೂನು ಜಾರಿಗೆ ಬಂದಿದ್ದು 2010ರಲ್ಲಿ. ಕ್ಲಾಸ್‌ನಾಗ ಆ ಮಗುವಿನ ಜಾಗ ಖಾಲಿ ಇರುವಾಗ ಉಳಿದವರ ಕೈಲಿ ದಯೆಯ ಚಾರ್ಟ್ ಮಾಡಿಸೋಕೆ ಮನಸ್ಸಾದ್ರೂ ಹೆಂಗ ಬರ್ತದ?

6/6
ಹಂಗಾದ್ರ ಏನು ಮಾಡಬೇಕು? ಬರೋ ಮಣ್ಣೆತ್ತಿನ ಅಮಾವಾಸ್ಯೆಗೆ ಶಾಲೆ ಆವರಣದಾಗ ಒಂದು ಬುಟ್ಟಿ ಮಣ್ಣು ಸುರೀರಿ. ಇಬ್ಬರಿಬ್ಬರ ಜೋಡಿ ಮಾಡ್ರಿ, ದಿನಾ ಒಟ್ಟಿಗೆ ಕೂರದವರನ್ನೇ ಕೂರಿಸ್ರಿ. ಒಬ್ಬರು ಎತ್ತು ಮಾಡಲಿ, ಇನ್ನೊಬ್ಬರು ಗ್ವಾದಲಿ ಮಾಡಲಿ. ಕ್ಲಾಸಿಗೆ ಒಂದು ಕುಂಟೆತ್ತು ಇರಲಿ. ಮರುದಿನ ಟೀಚರ್ ಜೊತೆ ಎಲ್ಲಾ ಓಣಿಗೂ ಹೋಗ್ರಿ, ಒಂದೂ ಬಿಡಬ್ಯಾಡ್ರಿ. ಬಂದ ಜೋಳ ಯಾರ ಮನೆಗೆ ಹೋಗಬೇಕು ಅಂತ ಮಕ್ಕಳೇ ಮಾತಾಡಿ ತೀರ್ಮಾನ ಮಾಡಲಿ. ಹಾಜರಿ ಪುಸ್ತಕ ತೆಗೆದು, ಸ್ಕೂಲಿಗೆ ಬರದೇ ಇರೋ ಮಗುವಿನ ಮನೆಗೂ ಅವತ್ತೇ ಹೋಗಿ ಬರ್ರಿ.

ಫೋಟೊ ತೆಗೀಬ್ಯಾಡ್ರಿ ಅಂತ ನಾನು ಹೇಳಲ್ಲ. ಜೋಳ ಕೊಟ್ಟು ಬಂದ ಮೇಲೆ ತೆಗೀರಿ.

ನಿಮ್ಮೂರಾಗ ಕುಂಟೆತ್ತು ಯಾವ ಓಣಿ ತನಕ ಹೋಗ್ತದ, ಎಲ್ಲಿಂದ ವಾಪಸ್ ಬರ್ತದ? ಕೆಳಗ ಬರೀರಿ.

#ಮಣ್ಣೆತ್ತಿನಅಮಾವಾಸ್ಯೆ #ಕುಂಟೆತ್ತು #ರಾಯಚೂರು #ದೇವದುರ್ಗ #ಮಾನ್ವಿ