ತುಂಡಾದ ಕೂದಲಿಗೆ ಬೆಸುಗೆಯುಂಟೆ?

ಮೈಸೂರಿನ ಹೂಟಗಳ್ಳಿಯಲ್ಲಿ ಕಾರ್ಖಾನೆಗಳೂ ವಸತಿ ಬಡಾವಣೆಗಳೂ ಒಂದರ ಮಗ್ಗುಲಲ್ಲೊಂದು ಇವೆ. ಕೆಲಸಕ್ಕೋ ಕಾಲೇಜಿಗೋ ಹೊರಡುವ ತರುಣ ತರುಣಿಯರು ಬೆಳಗಿನ ಆತುರದಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆಗೂದಲನ್ನೇ ಬಾಚಿ ಬಿಗಿದು, ಮೇಲೆ ಹೆಲ್ಮೆಟ್ಟು ತೊಟ್ಟು ಧಾವಿಸುವುದನ್ನು ನಾವು ಕಾಣುತ್ತೇವೆ. ಕೂದಲು ತುಂಡಾಗತೊಡಗಿದಾಗ, ಅದನ್ನು ‘ದುರಸ್ತಿ’ ಮಾಡುವುದಾಗಿ ಸಾರುವ ಸೀಸೆಗಳಿಗೆ ಇವರು ಹಣ ಸುರಿಯುತ್ತಾರೆ. ಆ ಮಾತೇ ತಪ್ಪು ತಿಳಿವಳಿಕೆಗೆ ಮೂಲವೆಂಬುದು ನಮ್ಮ ಅಭಿಪ್ರಾಯ.

ಮುರಿದ ಎಲುಬು ಕೂಡುತ್ತದೆ, ಗಾಯ ಮಾಯುತ್ತದೆ, ಅಲ್ಲಿ ಜೀವಕೋಶಗಳಿವೆಯಷ್ಟೆ. ಕೂದಲಿನ ಜೀವವಾದರೋ ಚರ್ಮದೊಳಗಿನ ಬುಡದಲ್ಲಿದೆ. ಹೊರಗೆ ಕಾಣುವ ಎಳೆಯು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ತಂತು. ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ತೆಳು ಹುರುಪೆಗಳು ಅದರ ತಿರುಳನ್ನು ಕಾಯುತ್ತವೆ. ಹೆಂಚು ಕಿತ್ತರೆ ತಿರುಳು ಸೀಳುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, 30 ಸೆಂಟಿಮೀಟರ್ ಜಡೆಯ ತುದಿಯು ಎರಡೂವರೆ ವರ್ಷಗಳ ಬಿಸಿಲು, ಬಾಚಣಿಗೆಗಳನ್ನು ಸಹಿಸಿದೆ. ಲೇಪಕಗಳು ಅದಕ್ಕೆ ನುಣುಪು ತಂದು ಉಜ್ಜಾಟವನ್ನು ತಗ್ಗಿಸುತ್ತವೆ. ಕೆಲವು ರಾಸಾಯನಿಕಗಳು ಒಳಬಂಧಗಳನ್ನು ಕೊಂಚ ಬಲಪಡಿಸಲೂಬಹುದು. ಆದರೆ ಸೀಳಿದ ತುದಿಯನ್ನು ಶಾಶ್ವತವಾಗಿ ಬೆಸೆಯುವ ಮದ್ದಿಲ್ಲ. ಅದಕ್ಕೆ ಕತ್ತರಿಯೊಂದೇ ದಾರಿ.

ಹಾಗಾದರೆ ಉಳಿದಿರುವುದು ರಕ್ಷಣೆ. ನೀರು ಕೆರಾಟಿನ್ನಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುವುದರಿಂದ ಒದ್ದೆಗೂದಲು ಹಿಗ್ಗಿ ಸುಲಭವಾಗಿ ಹರಿಯುತ್ತದೆ. ಆದ್ದರಿಂದ ಅದು ಆರಿದ ಮೇಲೆ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಬೇಕು. ಕಾದ ಇಕ್ಕಳದಿಂದ ಕೂದಲನ್ನು ನೇರಗೊಳಿಸುವ ಚಟವನ್ನು ಬಿಡಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಮ್ಮಿನೊಡನೆ ಕೂಡಿ ಕೂದಲಿಗೆ ಜಿಗುಟಾಗಿ ಅಂಟುತ್ತದೆ. ಅಂತಹ ನೀರಿಗೆ ಸೀಗೆಪುಡಿಯೋ ಶಾಂಪುವೋ ಮೇಲು. ನಮ್ಮ ಅಜ್ಜಿಯರ ಎಣ್ಣೆನೀರಿಗೂ ಆಧಾರವುಂಟು: ಮುಂಬಯಿಯ ರೇಲೆ ಮತ್ತು ಮೋಹಿಲೆ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೆಂಗಿನೆಣ್ಣೆಯು ಕೂದಲಿನ ಪ್ರೋಟೀನಿನ ನಷ್ಟವನ್ನು ತಗ್ಗಿಸಿತು, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ತೈಲವಾಗಲಿ ತಗ್ಗಿಸಲಿಲ್ಲ. ಅವರು ತೆಂಗಿನೆಣ್ಣೆ ಮಾರುವ ಸಂಸ್ಥೆಯ ಸಂಶೋಧಕರೆಂಬುದನ್ನೂ ವಿದ್ಯಾರ್ಥಿಗಳು ಗಮನದಲ್ಲಿಡಬೇಕು. ಯಾರು ಹೇಳಿದರೆಂದು ಕೇಳುವುದೂ ವಿಜ್ಞಾನದ ಪಾಠವೇ.

ಇನ್ನೊಂದು ಮಾತು. ಬಾಚಣಿಗೆಯಲ್ಲಿ ಸಿಕ್ಕ ಎಳೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ತುದಿಯಲ್ಲಿ ಬಿಳಿಯ ಗಂಟಿದ್ದರೆ ಅದು ಬುಡದಿಂದ ಉದುರಿದುದು. ಗಂಟಿಲ್ಲದ ಗಿಡ್ಡ ಎಳೆಯಾದರೆ ನಡುವೆ ತುಂಡಾದುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಬಹಳ ಹೆಚ್ಚಾಗಿ ಉದುರಿದರೆ ರಕ್ತಹೀನತೆಯೋ ಥೈರಾಯಿಡ್ ದೋಷವೋ ಇರಬಹುದು. ಆಗ ಹೋಗಬೇಕಾದುದು ಅಂಗಡಿಗಲ್ಲ, ವೈದ್ಯರ ಬಳಿಗೆ. ಸೀಸೆಯ ನಂಬಿಕೆಯಲ್ಲಿ ಕಾಲ ಕಳೆದವರು ಹಣವನ್ನಷ್ಟೇ ಅಲ್ಲ, ಆರೋಗ್ಯವನ್ನೂ ಕಳೆದುಕೊಂಡಾರು.

ಒಂದು ಎಳೆ, ಒಂದು ನಿಮಿಷದ ಪರೀಕ್ಷೆ: ಜಾಹೀರಾತನ್ನು ನಂಬುವ ಮೊದಲು ನಮ್ಮ ತರುಣರು ಇಷ್ಟನ್ನು ಮಾಡಲಾರರೆ?