ಚನ್ನರಾಯಪಟ್ಟಣ ಹಿಡಿಸದ ಟೇಬಲ್ಲು

ಈ ವರ್ಷ ಫಸ್ಟ್ ಇಯರ್‌ಗೆ ಬಂದ ಡೇ ಸ್ಕಾಲರ್‌ಗಳಿಗೆ ಅನುಕೂಲ ಆಗ್ಲಿ ಅಂತ ನಮ್ಮ ಕ್ಲಬ್ಬಿನ ವೆಬ್‌ಸೈಟಲ್ಲಿ ಒಂದು ಬಸ್ ಪಟ್ಟಿ ಹಾಕಿದ್ವಿ. ಬರೀ ನಾಲ್ಕು ಸಾಲು: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಹಾಸನದ ಸಾಲು ಸ್ಟ್ಯಾಂಡಿನಿಂದ ಕಾಲೇಜಿಗೆ ಬರೋ ಸಿಟಿ ಬಸ್ಸಿಗೆ. ಉಳಿದ ಮೂರಕ್ಕೆ ನಾಲ್ಕು ನಾಲ್ಕು ಟೈಮ್: ಊರು ಬಿಡೋದು, ಹಾಸನ ಸೇರೋದು, ಹಾಸನ ಬಿಡೋದು, ಊರು ಸೇರೋದು. ನಾನೇ ಮಾಡಿದ್ದು. ಲ್ಯಾಪ್‌ಟಾಪಲ್ಲಿ ನೋಡಿದ್ರೆ ಮದುವೆ ಕಾರ್ಡ್ ಥರ ಚೆಂದಾಗಿತ್ತು.

ಮೊದಲ ವಾರದಲ್ಲೇ ಅರಕಲಗೂಡು ಕಡೆಯ ಒಬ್ಬ ಜೂನಿಯರ್ ಹುಡುಗಿ ಆ ಪಟ್ಟಿಯನ್ನ ಫೋನಲ್ಲಿ ನೋಡಿದ್ಲು. ಫೋನಲ್ಲಿ ತಲೆಸಾಲೇ ಇರಲಿಲ್ಲ. ಊರಿನ ಹೆಸರಿನ ಕೆಳಗೆ ನಾಲ್ಕು ಟೈಮ್ ಒಂದರ ಕೆಳಗೊಂದು, ಯಾವುದು ಏನು ಅಂತ ಹೇಳೋರಿಲ್ಲ. ಕೊನೇದನ್ನ ಹಾಸನ ಬಿಡೋ ಟೈಮ್ ಅಂದ್ಕೊಂಡು, ಲ್ಯಾಬ್ ಮುಗಿಸಿ ಆರಾಮಾಗಿ ಸ್ಟ್ಯಾಂಡಿಗೆ ಹೋಗಿದ್ದಾಳೆ. ಅಷ್ಟೊತ್ತಿಗೆ ಆ ಬಸ್ಸು ಅರಕಲಗೂಡು ತಲುಪಿತ್ತು. ಮುಂದಿನ ಬಸ್ಸಲ್ಲಿ ಹೋದ್ರೂ, ಅಲ್ಲಿಂದ ಅವಳ ಹಳ್ಳಿಗೆ ಹೋಗೋ ಕೊನೇ ಬಸ್ ತಪ್ಪಿ, ಅವರಪ್ಪ ರಾತ್ರಿ ಬೈಕಲ್ಲಿ ಬಂದು ಕರ್ಕೊಂಡು ಹೋದ್ರಂತೆ. ಮಾರನೇ ದಿನ ಕ್ಯಾಂಟೀನ್ ಹತ್ರ, "ಅಣ್ಣಾ, ಆ ಪಟ್ಟಿ ಮಾಡಿದ್ದು ನೀವೇನಾ?" ಅಂತ ಕೇಳಿದ್ಲು. ಜಗಳ ಆಡಿದ್ದಿದ್ರೆ ಚೆನ್ನಾಗಿತ್ತು. ಬರೀ ಕೇಳಿದ್ಲು.

ಕ್ಲಬ್ಬಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಥೀಮ್ ಸರಿ ಇಲ್ಲ ಮಗಾ." ನಾನೂ ಅದನ್ನೇ ಅಂದೆ. ಈಗ ಆ ಮಾತನ್ನ ಒಪ್ಪಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಥೀಮ್ ಮಾಡಿದವರು ತಲೆಸಾಲನ್ನ ಸುಮ್ನೆ ಮಾಯ ಮಾಡಿರಲಿಲ್ಲ. ಸಣ್ಣ ಸ್ಕ್ರೀನಲ್ಲಿ ಅಗಲವಾದ ಟೇಬಲ್ ಹಿಡಿಸಲ್ಲ ಅಂತ, ಪ್ರತಿ ಸಾಲನ್ನೂ ಒಂದು ಕಾರ್ಡ್ ಥರ ಮಡಚಿ, ತಲೆಸಾಲಿನ ಬದಲು ಪ್ರತಿ ಮನೆಯ ಪಕ್ಕ ಒಂದು ಲೇಬಲ್ ತೋರಿಸೋ ವ್ಯವಸ್ಥೆ ಮಾಡಿದ್ರು. ಆ ಲೇಬಲ್‌ಗಳನ್ನ ಎಚ್‌ಟಿಎಂಎಲ್ ಒಳಗೆ ನಾವು ಬರೀಬೇಕಿತ್ತು. ಬರೀಲಿಲ್ಲ. ಥೀಮಿನ ಡಾಕ್ಯುಮೆಂಟೇಶನಲ್ಲಿ ಅರ್ಧ ಪುಟ ಇದರ ಬಗ್ಗೆಯೇ ಇತ್ತು. ಅದನ್ನ ಓದಿದ್ದು ಘಟನೆ ಆದಮೇಲೆ.

ಆಮೇಲೆ ನಾನು ಮಾಡಿದ ರಿಪೇರಿಯ ಕಥೆ ಇನ್ನೂ ನಾಚಿಕೆಗೇಡು. ಸಿಎಸ್‌ಎಸ್‌ನಲ್ಲಿ 'ಕೊನೆಗೆ ಬರೆದದ್ದು ಗೆಲ್ಲುತ್ತೆ' ಅಂತ ಯಾರೋ ಹೇಳಿದ್ದನ್ನ ನಂಬಿ ನನ್ನ ರೂಲ್‌ಗಳನ್ನೆಲ್ಲ ಫೈಲಿನ ಕೊನೆಗೆ ಹಾಕಿದೆ. ಏನೂ ಬದಲಾಗಲಿಲ್ಲ. ಯಾಕಂದ್ರೆ ಕೊನೆಗೆ ಬರೆದದ್ದು ಗೆಲ್ಲೋದು ಇಬ್ಬರ ತೂಕವೂ ಸಮ ಇದ್ದಾಗ ಮಾತ್ರ. ಥೀಮಿನ ರೂಲ್ 'ಡಾಟ್ ಎಂಟ್ರಿ-ಕಂಟೆಂಟ್ ಟೇಬಲ್ ಟಿಡಿ' ಅಂತಿತ್ತು: ಒಂದು ಕ್ಲಾಸು, ಎರಡು ಟ್ಯಾಗು. ನನ್ನದು 'ಡಾಟ್ ಬಸ್-ಪಟ್ಟಿ ಟಿಡಿ': ಒಂದು ಕ್ಲಾಸು, ಒಂದೇ ಟ್ಯಾಗು. ಕ್ಲಾಸ್ ಸಮ, ಟ್ಯಾಗಲ್ಲಿ ನಾನು ಒಂದು ಕಮ್ಮಿ. ಫೈಲಿನ ಕೊನೆಯಲ್ಲಲ್ಲ, ಪ್ರಪಂಚದ ಕೊನೆಯಲ್ಲಿ ಬರೆದಿದ್ರೂ ಸೋಲ್ತಿದ್ದೆ. 'ಡಾಟ್ ಎಂಟ್ರಿ-ಕಂಟೆಂಟ್ ಡಾಟ್ ಬಸ್-ಪಟ್ಟಿ ಟಿಡಿ' ಅಂತ ಬರೆದಿದ್ರೆ ಎರಡು ಕ್ಲಾಸಾಗಿ ಅಲ್ಲೇ ಗೆದ್ದಿರ್ತಿದ್ದೆ. ಒಂದೇ ಒಂದು ಪದ ಸೇರಿಸೋ ಕೆಲಸ.

ಅದು ಗೊತ್ತಿಲ್ದೆ ನಾನು ಮಾಡಿದ್ದು ನಾವೆಲ್ಲ ಮಾಡೋದೇ: '!ಇಂಪಾರ್ಟೆಂಟ್' ಅಂತ ಒಂದು ಬಡಿದೆ. ಕೆಲಸ ಆಯ್ತು. ಮೂರು ದಿನ ಬಿಟ್ಟು ಇನ್ನೊಬ್ಬ ಫೆಸ್ಟ್ ವೇಳಾಪಟ್ಟಿ ಹಾಕಿದ, ಅವನ ಬಣ್ಣ ಬರ್ಲಿಲ್ಲ, ಅವನೂ ಒಂದು ಬಡಿದ. ಕೊನೆಗೆ ಆ ಫೈಲಲ್ಲಿ ಹದಿನೇಳು '!ಇಂಪಾರ್ಟೆಂಟ್'. ಎಲ್ಲರೂ ಮುಖ್ಯ ಅತಿಥಿಗಳೇ ಆಗಿರೋ ಸಮಾರಂಭದಲ್ಲಿ ಮುಂದಿನ ಸಾಲಲ್ಲಿ ಕೂರೋರು ಯಾರು? ಇಂಥ ಎರಡು ರೂಲ್ ಎದುರಾದ್ರೆ ಮತ್ತೆ ಅದೇ ತೂಕ, ಅದೇ ಕ್ರಮ. ತಪ್ಪಿಸ್ಕೊಂಡ ಲೆಕ್ಕಕ್ಕೇ ವಾಪಸ್ ಬರ್ತೀವಿ, ಆದ್ರೆ ಈಗ ಗಂಟು ಜಾಸ್ತಿ.

ಸಿಎಸ್‌ಎಸ್‌ ಐಡಿಯಾ ಹೋಕನ್ ವಿಯಂ ಲೀ ಅನ್ನೋರು 1994ರಲ್ಲಿ ಮುಂದಿಟ್ಟಿದ್ದು. ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಸ್ಟ್ಯಾಂಡರ್ಡ್ ಆಯ್ತು. ಹೆಸರಿನ ಮೊದಲ ಪದವೇ 'ಕ್ಯಾಸ್ಕೇಡಿಂಗ್'. ಬ್ರೌಸರ್ ಒಂದು ಹೇಳುತ್ತೆ, ಪುಟ ಬರೆದವರು ಒಂದು ಹೇಳ್ತಾರೆ, ಓದೋರೂ ಒಂದು ಹೇಳಬಹುದು, ಎಲ್ಲಾ ಸೇರಿ ಒಂದು ತೀರ್ಮಾನ ಆಗಬೇಕು ಅನ್ನೋದೇ ಅದರ ಮೂಲ. ಅಂದ್ರೆ ಈ ಕಿತ್ತಾಟ ಬಗ್ ಅಲ್ಲ, ವಿನ್ಯಾಸವೇ ಹಾಗೆ. 2022ರಿಂದ ಎಲ್ಲಾ ದೊಡ್ಡ ಬ್ರೌಸರ್‌ಗಳಲ್ಲೂ 'ಲೇಯರ್' ಅನ್ನೋ ಸೌಲಭ್ಯ ಇದೆ: ಥೀಮಿನ ರೂಲ್‌ಗಳೆಲ್ಲ ಒಂದು ಲೇಯರಲ್ಲಿದ್ರೆ, ಹೊರಗೆ ಬರೆದ ನಮ್ಮ ಸಾದಾ ರೂಲ್ ತೂಕ ನೋಡದೆ ಗೆಲ್ಲುತ್ತೆ. ನಮ್ಮ ಥೀಮಲ್ಲಿ ಅದಿರಲಿಲ್ಲ, ಇರಲಿ.

ಯಾರು ಗೆದ್ದಿದ್ದಾರೆ ಅಂತ ಊಹೆ ಮಾಡೋ ಅಗತ್ಯಾನೇ ಇಲ್ಲ. ಎಫ್12 ಒತ್ತಿ, ಆ ಮನೆಯನ್ನ ಇನ್‌ಸ್ಪೆಕ್ಟ್ ಮಾಡಿದ್ರೆ ಸೋತ ರೂಲ್‌ಗಳ ಮೇಲೆ ಗೆರೆ ಎಳೆದಿರುತ್ತೆ, ಗೆದ್ದ ರೂಲ್ ಯಾವ ಫೈಲಿನ ಎಷ್ಟನೇ ಸಾಲಿಂದು ಅಂತಾನೂ ಇರುತ್ತೆ. ನಿಮ್ಮ ರೂಲ್ ಅಲ್ಲಿ ಕಾಣಿಸ್ತಾನೇ ಇಲ್ಲ ಅಂದ್ರೆ ಅದು ತೂಕದ ತೊಂದರೆ ಅಲ್ಲ. ಹಳೇ ಕ್ಯಾಶ್ ಇರಬೇಕು, ಇಲ್ಲಾ ಕ್ಲಾಸಿನ ಸ್ಪೆಲಿಂಗ್ ತಪ್ಪಿರಬೇಕು. ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ ಮಲ್ಟಿಮೀಟರ್ ಇಡದೆ ಸರ್ಕ್ಯೂಟ್ ಬೋರ್ಡಿಗೆ ಬೈದ್ರೆ ಸರ್ ಬಿಡ್ತಾರಾ? ಇಲ್ಲಿ ಮಾತ್ರ ಥೀಮಿಗೆ ಬೈದು ಸುಮ್ನಾಗ್ತೀವಿ.

ಇನ್ನು ಹೆಡ್ಡಿಂಗಿನ ವಿಷಯ. ತಲೆಸಾಲು ವಾಪಸ್ ತಂದಮೇಲೆ ಹೊಸ ತರಲೆ ಶುರು. ಇಕ್ಕಟ್ಟಾದ ಕಾಲಮ್ಮಲ್ಲಿ 'ಹಾಸನ' ಆರಾಮಾಗಿ ಕೂತಿತ್ತು. ಚನ್ನರಾಯಪಟ್ಟಣ ಮಾತ್ರ 'ಚನ್ನರಾಯಪಟ್' ಅಂತ ಒಂದು ಸಾಲಲ್ಲಿ, 'ಟಣ' ಅಂತ ಇನ್ನೊಂದು ಸಾಲಲ್ಲಿ. ಒತ್ತಕ್ಷರವೇ ಎರಡು ಹೋಳು. ಥೀಮಲ್ಲಿ ಟೇಬಲ್ ಒಳಗೆ 'ವರ್ಡ್-ಬ್ರೇಕ್: ಬ್ರೇಕ್-ಆಲ್' ಅಂತ ಇತ್ತು, ಉದ್ದದ ಪದವನ್ನ ಎಲ್ಲಿ ಬೇಕಾದ್ರೂ ಮುರಿ ಅಂತ. ನಮ್ಮ ಕಣ್ಣಿಗೆ ಚನ್ನರಾಯಪಟ್ಟಣ ಏಳು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಹನ್ನೆರಡು ಕೋಡ್‌ಪಾಯಿಂಟ್, ಯಾಕಂದ್ರೆ 'ಟ್ಟ' ಅನ್ನೋದು ಅದಕ್ಕೆ ಟ, ಹಲಂತ, ಮತ್ತೊಂದು ಟ. ಹಲಂತ ಆದಮೇಲೆ ಮುರೀಬಾರದು ಅಂತ ನನ್ನ ಫೋನಿನ ಬ್ರೌಸರ್‌ಗೆ ಅನ್ನಿಸಲಿಲ್ಲ. ಇಂಗ್ಲಿಷಲ್ಲಿ ಹೀಗೆ ಮುರಿದ್ರೆ ಅಸಹ್ಯ ಕಾಣುತ್ತೆ ಅಷ್ಟೇ, ಅಕ್ಷರ ಅಕ್ಷರವಾಗೇ ಇರುತ್ತೆ. ಕನ್ನಡದಲ್ಲಿ ಅಕ್ಷರಾನೇ ಹೋಗುತ್ತೆ. ಜೊತೆಗೆ ಲೈನ್-ಹೈಟ್ ಒಂದಕ್ಕೆ ಇಟ್ಟಿದ್ರು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿತ್ತು.

ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಟೇಬಲ್ ಟೆಸ್ಟ್ ಮಾಡೋವಾಗ ನಾನು ಮನೆಗಳಲ್ಲಿ ತುಂಬಿದ್ದು 'ಟೆಸ್ಟ್', 'ಎಬಿಸಿ', ಇಂಗ್ಲಿಷಲ್ಲಿ ಬರೆದ 'ಹಾಸನ್'. ಕನ್ನಡ ಕ್ಲಬ್ಬಿನ ಪುಟಕ್ಕೆ ಕನ್ನಡ ಹಾಕಿದ್ದು ಕೊನೇ ದಿನ, ಪೇಂಟ್ ಹೊಡೆದಾದ ಮೇಲೆ ಬಾಗಿಲು ಇಟ್ಟ ಹಾಗೆ. ಥೀಮ್ ಮಾಡಿದವರಿಗೆ ಚನ್ನರಾಯಪಟ್ಟಣ ಗೊತ್ತಿರಬೇಕು ಅಂತ ಹೇಗೆ ಕೇಳಲಿ? ನನಗೆ ಗೊತ್ತಿತ್ತಲ್ಲ.

ಈ ಹಂತದಲ್ಲಿ ಫೈನಲ್ ಇಯರ್ ಸೀನಿಯರ್ ಒಬ್ಬರು ಎರಡು ಸಲಹೆ ಕೊಟ್ರು. ಮೊದಲನೇದು: "ಸಿ.ಆರ್. ಪಟ್ನ, ಎಚ್.ಎನ್. ಪುರ ಅಂತ ಹಾಕಪ್ಪಾ, ಯಾರಿಗೆ ಗೊತ್ತಿಲ್ಲ?" ನಿಜ, ನಾವೆಲ್ಲ ಮಾತಾಡೋವಾಗ ಹಾಗೇ ಅನ್ನೋದು. ಆದ್ರೆ ಬಾಯಿ ತಾನಾಗೇ ಚಿಕ್ಕದು ಮಾಡ್ಕೊಳ್ಳೋದು ಬೇರೆ, ಡಬ್ಬಿಗೆ ಹಿಡಿಸಲಿಲ್ಲ ಅಂತ ಊರಿನ ಹೆಸರು ಕತ್ತರಿಸೋದು ಬೇರೆ. ನಾಲ್ಕು ಊರಿನ ಹೆಸರು ಪೂರ್ತಿ ಬರೆಯೋಕಾಗದಿದ್ರೆ ನಮ್ಮದು ಎಂಥ ಕನ್ನಡ ಕ್ಲಬ್?

ಎರಡನೇದು ಜಾಸ್ತಿ ಜನ ಒಪ್ಪಿದ ಸಲಹೆ: "ಇಮೇಜ್ ಮಾಡಿ ಹಾಕಿಬಿಡು." ಇದನ್ನ ತಳ್ಳಿಹಾಕೋದು ಅಷ್ಟು ಸುಲಭ ಅಲ್ಲ ಅಂತ ಒಪ್ಕೋತೀನಿ. ಇಮೇಜ್ ಯಾವ ಥೀಮಲ್ಲೂ ಕೆಡಲ್ಲ, ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬಹುದು, ಆ ಹುಡುಗಿಗೂ ಅವತ್ತು ಬಸ್ ಸಿಗ್ತಿತ್ತು. ಆದ್ರೂ ನಾನು ವಿರೋಧ. ಬಸ್ ಟೈಮ್ ಬದಲಾದ ದಿನ ಆ ಇಮೇಜ್ ಮಾಡಿದವನ ಮೂಲ ಫೈಲ್ ಹುಡುಕಬೇಕು, ಅವನು ಪಾಸಾಗಿ ಹೋಗಿರ್ತಾನೆ. ಹಳೇ ಚಿತ್ರ ಗ್ರೂಪುಗಳಲ್ಲಿ ಸುತ್ತುತ್ತಾನೇ ಇರುತ್ತೆ. 'ಅರಕಲಗೂಡು' ಅಂತ ಪುಟದಲ್ಲಿ ಹುಡುಕಿದ್ರೆ ಸಿಗಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಚಿತ್ರ. ಕನ್ನಡದ ಎಷ್ಟೋ ಮಾಹಿತಿ ಹೀಗೇ ಫೋಟೋ ಒಳಗೆ ಸಿಕ್ಕಾಕೊಂಡಿದೆ. ಅದಕ್ಕೆ ಇನ್ನೊಂದು ಸೇರಿಸೋದು ಬೇಡ.

(ಒಂದು ಬೇರೆ ಮಾತು: ಹಳೇ ನುಡಿಯಲ್ಲಿ ಟೈಪ್ ಮಾಡಿದ್ದನ್ನ ಟೇಬಲ್ಲಿಗೆ ಪೇಸ್ಟ್ ಮಾಡಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದ್ರೆ ಸಿಎಸ್‌ಎಸ್ ಮುಟ್ಟಬೇಡಿ. ಅದು ಯೂನಿಕೋಡ್ ಅಲ್ಲ. ಕನ್ವರ್ಟರಲ್ಲಿ ಬದಲಾಯಿಸಿ ಆಮೇಲೆ ಹಾಕಿ. ನಾನು ಇದಕ್ಕೆ ಒಂದು ಭಾನುವಾರ ಕಳೆದಿದ್ದೀನಿ.)

ಕೊನೆಗೆ ಮಾಡಿದ್ದು ಸಣ್ಣ ಕೆಲಸ. ಹದಿನೇಳು '!ಇಂಪಾರ್ಟೆಂಟ್' ಅಳಿಸಿದೆ. ಟೇಬಲ್ ಸುತ್ತ ಒಂದು ಡಿವ್ ಹಾಕಿ, ಹಿಡಿಸದಿದ್ರೆ ಅಡ್ಡಕ್ಕೆ ಸ್ಕ್ರೋಲ್ ಆಗೋ ಹಾಗೆ ಮಾಡಿದೆ. ವರ್ಡ್-ಬ್ರೇಕ್ ನಾರ್ಮಲ್, ಲೈನ್-ಹೈಟ್ 1.6. ತಲೆಸಾಲು, ಸಾಲು, ಮನೆ ಮೂರಕ್ಕೂ ಅವುಗಳ ಟೇಬಲ್ ಡಿಸ್‌ಪ್ಲೇ ವಾಪಸ್ ಕೊಟ್ಟೆ. ಎಲ್ಲಾ ಸೇರಿ ಇಪ್ಪತ್ತು ಸಾಲೂ ಇಲ್ಲ. ಅದನ್ನ ಬರೆದಿದ್ದು ಚೈಲ್ಡ್ ಥೀಮಲ್ಲಿ. ಮೊದಲ ಸಲ ನೇರವಾಗಿ ಥೀಮಿನ ಫೈಲಲ್ಲೇ ಬರೆದಿದ್ದೆ, ಥೀಮ್ ಅಪ್‌ಡೇಟ್ ಆದ ರಾತ್ರಿ ಎಲ್ಲಾ ತೊಳ್ಕೊಂಡು ಹೋಗಿತ್ತು.

ಹೊಸ ಪಟ್ಟಿ ಏನೇ ಹಾಕಿದ್ರೂ ಮೊದಲ ಮನೆಯಲ್ಲಿ ಚನ್ನರಾಯಪಟ್ಟಣ, ಎರಡನೇದರಲ್ಲಿ ಹೊಳೆನರಸೀಪುರ ಅಂತ ಬರೆದು, ಕಮ್ಮಿ ಬೆಲೆಯ ಸಣ್ಣ ಫೋನಲ್ಲಿ ನೋಡಿಯೇ ಪಬ್ಲಿಶ್ ಮಾಡಬೇಕು ಅಂತ ಕ್ಲಬ್ಬಲ್ಲಿ ನಾನು ಹಟ ಹಿಡಿದಿದ್ದೀನಿ. ಇಬ್ಬರು ಒಪ್ಪಿದ್ದಾರೆ, ಮೂರು ಜನ ನಗ್ತಿದ್ದಾರೆ. ಹೋದ ವಾರ ಆ ಜೂನಿಯರ್ ಹುಡುಗಿಗೇ ಅವಳ ಫೋನಲ್ಲಿ ಪಟ್ಟಿ ತೋರಿಸಿದೆ. ಎಲ್ಲಾ ಸರಿ ಕಾಣುತ್ತೆ ಅಂದ್ಲು. ಆಮೇಲೆ, "ಅಣ್ಣಾ, ಭಾನುವಾರದ ಟೈಮ್ ಎಲ್ಲಿ?" ಅಂದ್ಲು. ಅದನ್ನ ಈ ಶನಿವಾರದ ಒಳಗೆ ಹಾಕಬೇಕು.